ಕರಿ ಪರದೆಯೊಳಗಿನ ಲೆಕ್ಕ: ಹಳೆಯ ಡೇಟಾಬೇಸ್‌ನಿಂದ ಕಡಿಮೆ ಖರ್ಚಿನಲ್ಲಿ ಹೊರಬರುವುದು

ಗಂಗಾವತಿಯಲ್ಲಿ ರೈಸ್ ಮಿಲ್, ದಲಾಲಿ ಅಂಗಡಿ ಮತ್ತು ಗೊಬ್ಬರದ ಅಂಗಡಿಗಳ ಲೆಕ್ಕ ನೋಡಿಕೊಳ್ಳುವವರ ಮುಂದೆ ಆಡಿದ ಮಾತುಗಳ ಬರಹ ರೂಪ

ಕಾರಟಗಿ ರಸ್ತೆಯ ಒಂದು ರೈಸ್ ಮಿಲ್ಲಿನಿಂದ ಬಂದ ಫೋನಿನಿಂದ ಶುರು ಮಾಡುತ್ತೇನೆ. ಡಿಸೆಂಬರ್ ತಿಂಗಳು, ಭತ್ತದ ಸುಗ್ಗಿ. ಗೇಟಿನ ಹೊರಗೆ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ನಿಂತಿದ್ದವು. ಒಳಗೆ ಗುಮಾಸ್ತರು ಸುಮ್ನೆ ಕೂತಿದ್ದರು. ಹದಿನೆಂಟು ವರ್ಷ ಓಡಿದ ಕಂಪ್ಯೂಟರ್ ಹಿಂದಿನ ರಾತ್ರಿ ಕೆಟ್ಟಿತ್ತು. ಹಾರ್ಡ್ ಡಿಸ್ಕ್ ಮಾತ್ರ ಉಳಿದಿತ್ತು. ಬೆಳಿಗ್ಗೆಯೇ ಹೊಸ ಕಂಪ್ಯೂಟರ್ ತಂದು ಹಳೆಯ ಫೋಲ್ಡರನ್ನು ಅದರೊಳಗೆ ಹಾಕಿದ್ದರು. ಐಕಾನ್ ಒತ್ತಿದರೆ, ಈ ಪ್ರೋಗ್ರಾಂ ಈ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ ಎಂಬ ಒಂದು ಸಾಲು ಬರುತ್ತಿತ್ತು, ಅಷ್ಟೇ. "ಲೆಕ್ಕ ಎಲ್ಲಾ ಹೋತ್ರಿ ಸರ" ಅಂದರು ಸಾಹುಕಾರರು. ಆ ದನಿ ಇನ್ನೂ ನನ್ನ ಕಿವಿಯಲ್ಲಿದೆ.

ನಾನು ಹೋಗಿ ಮಾಡಿದ ಕೆಲಸ ಬಹಳ ಸಣ್ಣದು. ಆ ಫೋಲ್ಡರಿನ ಒಂದು ನಕಲು ಮಾಡಿಕೊಂಡೆ. ಲಿಬ್ರೆ ಆಫೀಸ್ ಹಾಕಿದೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಅದರಲ್ಲಿ ಎಕ್ಸೆಲ್‌ನಂಥ ಕ್ಯಾಲ್ಕ್ ಇದೆ. ಅದರೊಳಗೆ ಒಂದು ಡಿಬಿಎಫ್ ಫೈಲ್, ಅಂದರೆ ಹಳೆಯ ಪ್ರೋಗ್ರಾಂ ಲೆಕ್ಕ ಇಡುತ್ತಿದ್ದ ಫೈಲ್, ತೆರೆದೆ. ರೈತರ ಹೆಸರು, ಊರು, ಚೀಲ, ತೂಕ, ಬಾಕಿ ಎಲ್ಲ ಸಾಲು ಸಾಲಾಗಿ ಬಂತು. ಸಾಹುಕಾರರು ಪರದೆಯ ಹತ್ತಿರ ಬಗ್ಗಿ ಮೊದಲ ವರ್ಷದ ಎಂಟ್ರಿಯೊಂದನ್ನು ಬಾಯಿಬಿಟ್ಟು ಓದಿದರು. ಆ ರೈತ ಈಗಿಲ್ಲ, ಅವರ ಮಗ ಇದೇ ಮಿಲ್ಲಿಗೆ ಭತ್ತ ಹಾಕುತ್ತಾನೆ. "ಎಲ್ಲಾ ಇಲ್ಲೇ ಐತಲ್ರೀ!" ಅಂದರು.

ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ. ಗೋದಾಮಿನ ಬೀಗ ತುಕ್ಕು ಹಿಡಿದರೆ ಒಳಗಿನ ಭತ್ತ ಕೆಡುವುದಿಲ್ಲ. ನಿಮ್ಮ ಲೆಕ್ಕ ಭತ್ತ. ಸಾಫ್ಟ್‌ವೇರ್ ಗೋದಾಮು. ಭತ್ತ ನಿಮ್ಮದು, ಗೋದಾಮು ಬಾಡಿಗೆಯದು. ಹೊಸ ಗೋದಾಮು ಹುಡುಕುವಾಗ ಬಾಡಿಗೆ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಭತ್ತ ಹೊರಗೆ ತೆಗೆಯಲು ಬಾಗಿಲು ಎಲ್ಲಿದೆ ಅಂತ ಕೇಳುವವರು ಕಡಿಮೆ.

ಕರಿ ಪರದೆಯ ಪ್ರೋಗ್ರಾಂ ಇನ್ನೂ ಯಾರ ಹತ್ತಿರ ಓಡುತ್ತಿದೆ, ಕೈ ಎತ್ತಿ ನೋಡೋಣ. ಅರ್ಧಕ್ಕಿಂತ ಜಾಸ್ತಿ ಕೈ ಎದ್ದಿವೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಅದು ಒಳ್ಳೆಯ ಸಾಫ್ಟ್‌ವೇರ್ ಆಗಿತ್ತು. ಅದರ ಮೂಲ ಡಿಬೇಸ್ ಎಂಬ ಡೇಟಾಬೇಸ್, ಅಂದರೆ ಲೆಕ್ಕ ಜೋಡಿಸಿಟ್ಟು ಹುಡುಕಿ ಕೊಡುವ ಸಾಫ್ಟ್‌ವೇರ್. ಅಮೆರಿಕದ ವೇನ್ ರಾಟ್ಲಿಫ್ ಎಂಬ ಎಂಜಿನಿಯರ್ 1970ರ ದಶಕದ ಕೊನೆಯಲ್ಲಿ ಅದನ್ನು ಬರೆಯಲು ಶುರು ಮಾಡಿದ್ದು. ಮುಂದೆ ಫಾಕ್ಸ್ ಸಾಫ್ಟ್‌ವೇರ್ ಎಂಬ ಕಂಪನಿ ಅದೇ ಭಾಷೆಯಲ್ಲಿ, ಅದೇ ಡಿಬಿಎಫ್ ಫೈಲಿನ ಮೇಲೆ ಇನ್ನೂ ಜೋರಾಗಿ ಓಡುವ ಫಾಕ್ಸ್‌ಬೇಸ್, ಫಾಕ್ಸ್‌ಪ್ರೋ ತಂದಿತು. ನಮ್ಮ ಕಡೆ ಡಿಪ್ಲೊಮಾ ಮುಗಿಸಿದ ಹುಡುಗರು ಅದನ್ನು ಕಲಿತು, ಒಂದು ಮಿಲ್ಲಿಗೆ ಬರೆದದ್ದನ್ನು ತಿದ್ದಿ ಇನ್ನೊಂದು ಮಿಲ್ಲಿಗೆ ಕೊಡುತ್ತಿದ್ದರು. ಹೀಗೆ ಗಂಗಾವತಿ, ಸಿಂಧನೂರು, ಮಾನ್ವಿಯ ತನಕ ಒಂದೇ ಮನೆತನದ ಪ್ರೋಗ್ರಾಂಗಳು ಹರಡಿದವು. ನಾನೂ ಅಂಥ ಹಲವು ಬರೆದಿದ್ದೇನೆ. ಸಣ್ಣ ಮೆಮೊರಿಯ ಕಂಪ್ಯೂಟರಿನಲ್ಲಿ ಲಕ್ಷ ಎಂಟ್ರಿಯೊಳಗೆ ಒಂದು ಹೆಸರನ್ನು ಕಣ್ಣು ಮಿಟುಕಿಸುವುದರೊಳಗೆ ಹುಡುಕಿ ಕೊಡುತ್ತಿತ್ತು ಅದು.

ಆಮೇಲೆ ಆದದ್ದನ್ನು ಗಮನವಿಟ್ಟು ಕೇಳಿ. 1992ರಲ್ಲಿ ಮೈಕ್ರೋಸಾಫ್ಟ್ ಫಾಕ್ಸ್ ಕಂಪನಿಯನ್ನು ಕೊಂಡುಕೊಂಡಿತು. ವಿಶುವಲ್ ಫಾಕ್ಸ್‌ಪ್ರೋ ಎಂಬ ಬಣ್ಣದ ಪರದೆಯ ರೂಪ ಬಂತು. ಅದರ 9ನೇ ಆವೃತ್ತಿ 2004ರಲ್ಲಿ ಬಂದದ್ದೇ ಕೊನೆ. ಇನ್ನು 10ನೇ ಆವೃತ್ತಿ ತರುವುದಿಲ್ಲ ಅಂತ 2007ರಲ್ಲಿ ಹೇಳಿಬಿಟ್ಟರು. 2015ರ ಜನವರಿಗೆ ಬೆಂಬಲವೂ ನಿಂತಿತು. ಜಗತ್ತಿನ ತುಂಬ ಅದನ್ನು ನಂಬಿದ್ದವರು ಇದ್ದರು. ಆದರೆ ಮೂಲ ಕೋಡ್, ಅಂದರೆ ಪ್ರೋಗ್ರಾಂನ ಮೂಲ ಬರಹ, ಕಂಪನಿಯ ಕೈಯಲ್ಲಿ. ಬೇಡ ಅಂದರೆ ಬೇಡ.

ಇದರ ಪಕ್ಕದಲ್ಲೇ ಇನ್ನೊಂದು ಕಥೆ ಇಡುತ್ತೇನೆ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಇದೆ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಮಾಂಟಿ ವಿಡೇನಿಯಸ್ ತಮ್ಮ ಮಗಳು 'ಮೈ' ಹೆಸರನ್ನೇ ಅದಕ್ಕೆ ಇಟ್ಟರು. 2008ರಲ್ಲಿ ಅದನ್ನು ಸನ್ ಕಂಪನಿ ಕೊಂಡಿತು. 2010ರಲ್ಲಿ ಸನ್ ಕಂಪನಿಯನ್ನೇ ಒರೇಕಲ್ ಕೊಂಡಿತು. ಇಲ್ಲೂ ಮಾಲೀಕರು ಬದಲಾದರು, ಅಲ್ವಾ? ಆದರೆ ಮೈಎಸ್‌ಕ್ಯೂಎಲ್‌ನ ಕೋಡ್ ಎಲ್ಲರಿಗೂ ತೆರೆದಿತ್ತು. ವಿಡೇನಿಯಸ್ ಮತ್ತು ಅವರ ಜೊತೆಯವರು ಅದೇ ಕೋಡ್ ತೆಗೆದುಕೊಂಡು 2009ರಲ್ಲೇ ಮರಿಯಾಡಿಬಿ ಅಂತ ಬೇರೆ ಒಲೆ ಹೂಡಿದರು. ಮರಿಯಾ ಅವರ ಇನ್ನೊಬ್ಬ ಮಗಳು. ಅದನ್ನು ಬಳಸುತ್ತಿದ್ದ ಅಂಗಡಿಯವರು ಬೀದಿಗೆ ಬೀಳಲಿಲ್ಲ. ನಾನು ಓಪನ್ ಸೋರ್ಸ್, ಅಂದರೆ ಹೀಗೆ ಕೋಡ್ ತೆರೆದಿರುವುದನ್ನು, ತಗೊಳ್ಳಿ ಅನ್ನುವುದು ಅದು ಪುಕ್ಕಟೆ ಅನ್ನುವ ಕಾರಣಕ್ಕಲ್ಲ. ನಾಳೆ ಯಾರೋ ದೂರದಲ್ಲಿ ಕೂತು ಅಂಗಡಿ ಮುಚ್ಚಿದರೂ ನಮ್ಮ ಬಾಗಿಲು ಮುಚ್ಚಬಾರದು, ಅದಕ್ಕೆ.

ಈಗ ನಿಮ್ಮ ಹತ್ತಿರ ಇರುವುದು ಯಾವುದು ಅಂತ ಮೊದಲು ನೋಡಿಕೊಳ್ಳಿ. ಕರಿ ಪರದೆ, ಬಿಳಿ ಅಥವಾ ಹಳದಿ ಅಕ್ಷರ, ಮೌಸ್ ಇಲ್ಲ ಅಂದರೆ ಅದು ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದ್ದು. ಈಗಿನ 64 ಬಿಟ್ ವಿಂಡೋಸ್ ಮೇಲೆ ಅದು ನಡೆಯುವುದೇ ಇಲ್ಲ, ಹಳೆಯ 32 ಬಿಟ್ ರೂಪ ಬೇಕು. ವಿಂಡೋಸ್ 11ರಲ್ಲಿ 32 ಬಿಟ್ ರೂಪವೇ ಇಲ್ಲ. 32 ಬಿಟ್ ಇದ್ದ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಕಂಪ್ಯೂಟರ್ ಕೆಟ್ಟ ದಿನವೇ ನಿಮ್ಮ ಪ್ರೋಗ್ರಾಂ ಕೂಡ ನಿಲ್ಲುತ್ತದೆ. ವಿಶುವಲ್ ಫಾಕ್ಸ್‌ಪ್ರೋದಲ್ಲಿ ಬರೆದದ್ದಾದರೆ ಇಷ್ಟು ಅವಸರವಿಲ್ಲ. ಅದು ವಿಂಡೋಸ್ 11ರಲ್ಲೂ ಓಡುತ್ತದೆ. ಒಂದು ವರ್ಷ ಸಮಯ ತಗೊಂಡು ನಿಧಾನವಾಗಿ ಸಾಗಬಹುದು.

ಮೈಕ್ರೋಸಾಫ್ಟ್ ಆಫೀಸಿನ ಡೇಟಾಬೇಸ್ ಆದ ಆಕ್ಸೆಸ್ ಬಳಸುವವರಿಗೂ ಒಂದು ಮಾತು. ಬಳ್ಳಾರಿಯಲ್ಲಿ ಒಂದು ಜೀನ್ಸ್ ಹೊಲಿಯುವ ಘಟಕಕ್ಕೆ ಹೋಗಿದ್ದೆ. ತುಂಡಿಗೆ ಇಷ್ಟು ಅಂತ ಹೊಲಿಗೆಯವರ ಕೂಲಿ ಲೆಕ್ಕವನ್ನು ಆಕ್ಸೆಸ್ 97ರಲ್ಲಿ ಇಟ್ಟಿದ್ದರು. ಹೊಸ ಆಫೀಸ್ ಹಾಕಿಸಿದ ಮೇಲೆ ಫೈಲ್ ತೆರೆಯಲಿಲ್ಲ. 2013ರ ಆಕ್ಸೆಸ್‌ನಿಂದ ಮುಂದೆ 97ರ ಫೈಲುಗಳನ್ನು ತೆರೆಯುವುದನ್ನೇ ಕೈಬಿಟ್ಟಿದ್ದಾರೆ. ಎಂಡಿಬಿ ಟೂಲ್ಸ್ ಎಂಬ ಉಚಿತ ಸಲಕರಣೆಯಿಂದ ಅದರ ಒಂದೊಂದು ಟೇಬಲ್ ಹೊರಗೆ ತೆಗೆದೆವು. ಶನಿವಾರ ಕೂಲಿ ಬಟವಾಡೆ. ಗುರುವಾರ ರಾತ್ರಿ ನಾವು ಈ ಕೆಲಸದಲ್ಲಿದ್ದೆವು. ಹೊರಗೆ ಹೊಲಿಗೆಯ ಹೆಣ್ಣುಮಕ್ಕಳು ಕೂಲಿ ಬರುತ್ತದೋ ಇಲ್ಲವೋ ಅಂತ ಮಾತಾಡಿಕೊಳ್ಳುತ್ತಿದ್ದರು. ಡೇಟಾಬೇಸ್ ಅಂದರೆ ಕಂಪ್ಯೂಟರಿನವರ ವಿಷಯ ಅಂದುಕೊಳ್ಳಬೇಡಿ. ಅದರಲ್ಲಿ ಇನ್ನೊಬ್ಬರ ವಾರದ ಊಟ ಇರುತ್ತದೆ.

ಹಳೆಯದನ್ನೇ ಹೇಗಾದರೂ ಓಡಿಸೋಣ ಅನ್ನುವವರು ಹೊಸ ಕಂಪ್ಯೂಟರಿನೊಳಗೆ ಡಾಸ್‌ನ ವೇಷ ಹಾಕುವ ಡಾಸ್‌ಬಾಕ್ಸ್ ಎಂಬ ಪ್ರೋಗ್ರಾಂ ಹಾಕುತ್ತಾರೆ. ಹಳೆಯ ವರ್ಷದ ಖಾತೆ ನೋಡಲು ಅದು ಸಾಕು. ದಿನದ ಲೆಕ್ಕವನ್ನು ಅದರಲ್ಲಿ ನಡೆಸಬೇಡಿ. ಅದನ್ನು ಮಾಡಿದ್ದು ಹಳೆಯ ಆಟಗಳನ್ನು ಆಡಲು. ನಾಲ್ಕು ಕಂಪ್ಯೂಟರ್‌ನಿಂದ ಒಂದೇ ಫೈಲಿಗೆ ಬರೆಯುವ ಕೆಲಸಕ್ಕೆ ಅಲ್ಲ. ಇನ್ನೊಂದು ದಾರಿ ಹಾರ್ಬರ್ ಎಂಬ ಓಪನ್ ಸೋರ್ಸ್ ಕಂಪೈಲರ್, ಅಂದರೆ ಬರೆದ ಕೋಡನ್ನು ಓಡುವ ಪ್ರೋಗ್ರಾಂ ಮಾಡಿಕೊಡುವ ಸಲಕರಣೆ. ಡಿಬೇಸ್ ಭಾಷೆಗೆ ಕ್ಲಿಪ್ಪರ್ ಎಂಬ ಹಳೆಯ ಕಂಪೈಲರ್ ಇತ್ತಲ್ಲ, ಆ ಹೆಸರು ಹಾಯಿಹಡಗಿನದು, ಹಾರ್ಬರ್ ಅಂದರೆ ಬಂದರು. ಕ್ಲಿಪ್ಪರ್‌ನಲ್ಲಿ ಬರೆದ ಕೋಡ್ ನಿಮ್ಮ ಕೈಯಲ್ಲಿದ್ದರೆ ಬಹುಪಾಲು ಹಾಗೇ ಇಟ್ಟು, ಹೊಸ ವಿಂಡೋಸ್‌ಗೆ ಓಡುವಂತೆ ಮಾಡಿಕೊಳ್ಳಬಹುದು. ಫಾಕ್ಸ್‌ಪ್ರೋ ಕೋಡಿಗೆ ತಿದ್ದುಪಡಿ ಜಾಸ್ತಿ ಬೇಕು.

ಈಗ ಭತ್ತ ಹೊರಗೆ ತೆಗೆಯುವ ಕೆಲಸಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕಂದರೆ ಜನ ಎಡವುವುದು ಇಲ್ಲೇ.

ಡಿಬಿಎಫ್ ಫೈಲಿನಲ್ಲಿ ಒಂದು ಎಂಟ್ರಿ ಅಳಿಸಿದರೆ ಅದು ನಿಜವಾಗಿ ಅಳಿಯುವುದಿಲ್ಲ. ಆ ಸಾಲಿನ ಮೊದಲ ಜಾಗದಲ್ಲಿ ಒಂದು ನಕ್ಷತ್ರದ ಗುರುತು ಬೀಳುತ್ತದೆ. ಪ್ರೋಗ್ರಾಂ ಅದನ್ನು ನೋಡಿ ಆ ಸಾಲನ್ನು ತೋರಿಸುವುದಿಲ್ಲ. ಪ್ಯಾಕ್ ಎಂಬ ಆಜ್ಞೆ ಕೊಟ್ಟಾಗ ಮಾತ್ರ ಆ ಸಾಲು ಫೈಲಿನಿಂದ ಹೋಗುತ್ತದೆ. ಎಷ್ಟೋ ಅಂಗಡಿಗಳಲ್ಲಿ ವರ್ಷಗಟ್ಟಲೆ ಯಾರೂ ಪ್ಯಾಕ್ ಮಾಡಿರುವುದಿಲ್ಲ. ಫೈಲನ್ನು ಹೊಸ ರೂಪಕ್ಕೆ ಬದಲಿಸುವ ಕೆಲವು ಸಲಕರಣೆಗಳು ಈ ನಕ್ಷತ್ರವನ್ನು ನೋಡುವುದೇ ಇಲ್ಲ. ಸಿಂಧನೂರಿನ ಒಂದು ಗೊಬ್ಬರದ ಅಂಗಡಿಯಲ್ಲಿ ಹೀಗಾಯಿತು. ತಪ್ಪಾಗಿ ಎರಡು ಸಲ ಹೊಡೆದು ಆಮೇಲೆ ಅಳಿಸಿದ್ದ ಉದ್ರಿ ಎಂಟ್ರಿಗಳೆಲ್ಲ ಹೊಸ ಪ್ರೋಗ್ರಾಂನಲ್ಲಿ ಎದ್ದು ಕೂತವು. ಬಾಕಿ ಪೂರ್ತಿ ತೀರಿಸಿ ಹೋಗಿದ್ದ ಒಬ್ಬ ರೈತರಿಗೆ ಅಂಗಡಿಯಿಂದ ಫೋನ್ ಹೋಯಿತು. ಅವರು ಹಳೆಯ ರಸೀದಿ ಹಿಡಿದುಕೊಂಡು ಬಂದರು. ನಾಲ್ಕು ಜನರ ಎದುರು ಬಾಕಿದಾರ ಅನ್ನಿಸಿಕೊಂಡದ್ದು ಅವರಿಗೆ ಬಹಳ ನೋವಾಗಿತ್ತು. ಅಂಗಡಿಯವರು ತಪ್ಪಾಯಿತು ಅಂದರು, ನಿಜ. ಆದರೆ ಆ ನೋವಿಗೆ ಕಾರಣ ಒಂದು ನಕ್ಷತ್ರದ ಗುರುತು.

ಆದ್ದರಿಂದ ಫೈಲ್ ಬದಲಿಸಿದ ಮೇಲೆ ಎಣಿಸಿ. ಹಳೆಯದರಲ್ಲಿ ಎಷ್ಟು ಸಾಲು, ಹೊಸದರಲ್ಲಿ ಎಷ್ಟು. ಒಟ್ಟು ಬಾಕಿ ಅಲ್ಲೆಷ್ಟು, ಇಲ್ಲೆಷ್ಟು. ಪೈಸೆಗೆ ಪೈಸೆ ಕೂಡಬೇಕು. ದಿನದ ಲೆಕ್ಕದ ಪುಸ್ತಕವಾದ ಕಿರ್ದಿ ಬರೆದು ಸಂಜೆ ಉಳಿದ ಹಣದ ಶಿಲ್ಕು ಕೂಡಿಸಿದ ಕೈಗಳು ನಿಮ್ಮವು. ಇದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ.

ಇನ್ನು ಟಿಪ್ಪಣಿಯ ಖಾನೆಗಳು. ಫಾಕ್ಸ್‌ಪ್ರೋದಲ್ಲಿ ಉದ್ದನೆಯ ಟಿಪ್ಪಣಿ ಎಫ್‌ಪಿಟಿ ಎಂಬ ಬೇರೆ ಫೈಲಿನಲ್ಲಿರುತ್ತದೆ. ಡಿಬಿಎಫ್ ಮಾತ್ರ ಕಾಪಿ ಮಾಡಿದರೆ ಅದು ಹೋಯಿತು. ಫೋಲ್ಡರಿನ ಎಲ್ಲವನ್ನೂ ಕಾಪಿ ಮಾಡಿ, ಆರಿಸಲು ಹೋಗಬೇಡಿ. ತಾರೀಖಿನದೂ ಒಂದು ತೊಂದರೆ ಇದೆ. ಹಳೆಯ ಪ್ರೋಗ್ರಾಂಗಳಲ್ಲಿ ವರ್ಷಕ್ಕೆ ಎರಡೇ ಅಂಕಿ ಹೊಡೆಯುತ್ತಿದ್ದೆವು. 05 ಅಂತ ಹೊಡೆದದ್ದು ಕೆಲವು ಕಡೆ ಫೈಲಿನೊಳಗೆ 1905 ಅಂತ ಕೂತಿರುತ್ತದೆ. ಪರದೆಯ ಮೇಲೆ 05 ಅಂತಲೇ ಕಾಣುವುದರಿಂದ ಯಾರಿಗೂ ಗೊತ್ತಾಗಿರುವುದಿಲ್ಲ. ಹೊಸ ಪ್ರೋಗ್ರಾಂ ಅದಕ್ಕೆ ನೂರು ವರ್ಷದ ಬಡ್ಡಿ ಹಾಕಿಬಿಡುತ್ತದೆ.

ಕನ್ನಡದಲ್ಲಿ ಹೆಸರು ಇಟ್ಟವರಿಗೆ ಇನ್ನೊಂದು ಕೆಲಸ ಇದೆ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಹೊಡೆದ ಹೆಸರು ಕನ್ನಡವಾಗಿ ಉಳಿದಿರುವುದಿಲ್ಲ. ಒಳಗೆ ಇರುವುದು ಬೇರೆ ಅಕ್ಷರಗಳ ಸಂಕೇತ. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿಸಿರುತ್ತದೆ. ಫಾಂಟ್ ತೆಗೆದರೆ ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಬಾಲ ಹಚ್ಚಿದ ಹಾಗೆ ಕಾಣುತ್ತದೆ. ಇದನ್ನು ಎಲ್ಲ ಭಾಷೆಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್‌ಗೆ ಬದಲಿಸುವ ಸಲಕರಣೆಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿಟ್ಟು ನೋಡಿ. ಕೆಡುವುದು ಹೆಚ್ಚಾಗಿ ಅಲ್ಲೇ. ಹೆಸರಿನ ಖಾನೆಯ ಅಗಲವನ್ನೂ ಹಿಗ್ಗಿಸಿ. 'ಹನುಮಂತಪ್ಪ' ಅಂತ ಬರೆದರೆ ಯೂನಿಕೋಡ್ ಲೆಕ್ಕದಲ್ಲಿ 9 ಸಂಕೇತ. ಬೈಟ್ ಅಂದರೆ ಫೈಲಿನಲ್ಲಿ ಒಂದು ಇಂಗ್ಲಿಷ್ ಅಕ್ಷರ ಹಿಡಿಯುವ ಜಾಗ. ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್, ಒಟ್ಟು 27 ಬೈಟ್. ಹಳೆಯ ಖಾನೆಯ ಅಗಲ 25 ಇದ್ದು ಅದನ್ನೇ ಬೈಟಿನಲ್ಲಿ ಇಟ್ಟರೆ, ಕೊನೆಯ ಪಕಾರಕ್ಕೆ ಜಾಗವೇ ಇರುವುದಿಲ್ಲ.

ಹೆಸರಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಒಂದೇ ಮನುಷ್ಯರು ನಿಮ್ಮ ಖಾತಾವಣಿಯಲ್ಲಿ, ಅಂದರೆ ಒಬ್ಬೊಬ್ಬರ ಖಾತೆಯ ಪುಸ್ತಕದಲ್ಲಿ, ಹನುಮಂತಪ್ಪ, ಹನಮಂತಪ್ಪ, ಹಣಮಂತಪ್ಪ ಅಂತ ಮೂರು ಕಡೆ ಇರುತ್ತಾರೆ. ಒಬ್ಬೊಬ್ಬ ಗುಮಾಸ್ತರು ತಮ್ಮ ಬಾಯಿಗೆ ಬಂದ ಹಾಗೆ ಹೊಡೆದಿರುತ್ತಾರೆ. ಇದರ ತದ್ವಿರುದ್ಧವೂ ಇದೆ. ಒಂದೇ ಕ್ಯಾಂಪಿನಲ್ಲಿ, ಅಂದರೆ ಕಾಲುವೆ ಕಡೆಯ ರೈತರ ಸಣ್ಣ ಊರಿನಲ್ಲಿ, ಒಂದೇ ಹೆಸರಿನ ಇಬ್ಬರು ಇರುತ್ತಾರೆ. ಇದನ್ನು ಯಾವ ಕಂಪ್ಯೂಟರೂ ಬಿಡಿಸಲಾರದು. ತಂದೆಯ ಹೆಸರು, ಊರು ಅಥವಾ ಕ್ಯಾಂಪು, ಜಮೀನು ಎಲ್ಲಿದೆ ಅನ್ನುವುದನ್ನು ನೆನಪಿಟ್ಟ ಹಿರಿಯ ಗುಮಾಸ್ತರೇ ಬಿಡಿಸಬೇಕು. ಅವರು ನಿವೃತ್ತರಾಗುವ ಮುಂಚೆ ಈ ಕೆಲಸ ಮಾಡಿಸಿಕೊಳ್ಳಿ. ದಿನಕ್ಕೆ ಐವತ್ತು ಹೆಸರು ಸಾಕು.

ಹೊಸ ಜಾಗ ಯಾವುದು? ಮೊದಲು ನಿಮ್ಮ ಲೆಕ್ಕ ಎಷ್ಟು ದೊಡ್ಡದು ನೋಡೋಣ. ದಿನಕ್ಕೆ 300 ಎಂಟ್ರಿ, ವರ್ಷಕ್ಕೆ 300 ದಿನ, 20 ವರ್ಷ. ಒಟ್ಟು 18 ಲಕ್ಷ ಎಂಟ್ರಿ. ಒಂದಕ್ಕೆ 200 ಬೈಟ್ ಹಿಡಿದರೂ ಸುಮಾರು 360 ಎಂಬಿ. ಮದುವೆಯ ಒಂದು ವಿಡಿಯೋಗಿಂತ ಸಣ್ಣದು. ದೊಡ್ಡ ಸರ್ವರ್ ಬೇಕು, ಲಕ್ಷಗಟ್ಟಲೆ ಬೇಕು ಅಂತ ಯಾರಾದರೂ ಅಂದರೆ ಈ ಲೆಕ್ಕ ಅವರ ಮುಂದೆ ಇಡಿ.

ಒಂದೇ ಕಂಪ್ಯೂಟರ್ ಇರುವ ಅಂಗಡಿಗೆ ಎಸ್‌ಕ್ಯೂಲೈಟ್ ಎಂಬ ಸಣ್ಣ ಡೇಟಾಬೇಸ್ ಸಾಕು. ಈಗ ನಿಮ್ಮ ಜೇಬಿನಲ್ಲಿರುವ ಫೋನಿನಲ್ಲೂ ಅದು ಕೆಲಸ ಮಾಡುತ್ತಿದೆ. 2000ದಲ್ಲಿ ರಿಚರ್ಡ್ ಹಿಪ್ ಎಂಬುವರು ಅದನ್ನು ಬಿಡುಗಡೆ ಮಾಡಿದರು. ಅದರ ಮೇಲೆ ಯಾರ ಹಕ್ಕೂ ಇಲ್ಲ, ಊರ ಕೆರೆಯ ಹಾಗೆ. 2050ರ ತನಕ ನೋಡಿಕೊಳ್ಳುವ ಉದ್ದೇಶವಿದೆ ಅಂತ ಮಾಡಿದವರೇ ಹೇಳಿದ್ದಾರೆ. ಇಡೀ ಲೆಕ್ಕ ಒಂದೇ ಫೈಲು. ಎರಡು ಎಚ್ಚರಿಕೆ ಇವೆ. ನೆಟ್‌ವರ್ಕ್ ಮೇಲೆ ಆ ಫೈಲ್ ಹಂಚಿಕೊಂಡು ನಾಲ್ಕು ಕಡೆಯಿಂದ ಬರೆಯಬೇಡಿ. ಮತ್ತೆ ಅದರಲ್ಲಿ ದಶಾಂಶವನ್ನು ಕರಾರುವಾಕ್ಕಾಗಿ ಇಡುವ ಬಗೆ ಇಲ್ಲ. ಹಣವನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡಿಸಿ.

ತೂಕದ ಕಾಟಾ ಹತ್ತಿರ ಒಂದು, ಆಫೀಸಿನಲ್ಲಿ ಎರಡು, ಗೋದಾಮಿನಲ್ಲಿ ಒಂದು ಕಂಪ್ಯೂಟರ್ ಇದ್ದರೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಅಥವಾ ಆಗಲೇ ಹೇಳಿದ ಮರಿಯಾಡಿಬಿ ಹಾಕಿಸಿ. ಎರಡಕ್ಕೂ ಲೈಸೆನ್ಸ್ ದುಡ್ಡಿಲ್ಲ. ಎರಡೂ ಸಾಮಾನ್ಯ ಕಂಪ್ಯೂಟರ್ ಮೇಲೆ ಓಡುತ್ತವೆ. ನನಗೆ ಪೋಸ್ಟ್‌ಗ್ರೆಸ್ ಮೇಲೆ ಒಲವು ಜಾಸ್ತಿ. 1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಶುರು ಮಾಡಿದ ಕೆಲಸ ಅದು. ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ.

ಅದು ಯಾಕೆ ಗಟ್ಟಿ ಅನ್ನುವುದನ್ನು ಗುಮಾಸ್ತರಿಗೆ ಹೇಳುವುದು ಬಲು ಸುಲಭ. ನೀವು ಮೊದಲು ಎಲ್ಲಿ ಬರೆಯುತ್ತೀರಿ? ಕಿರ್ದಿಯಲ್ಲಿ. ಆಮೇಲೆ ಅದನ್ನು ಖಾತಾವಣಿಗೆ ಎತ್ತುತ್ತೀರಿ. ಖಾತಾವಣಿಯ ಹಾಳೆ ಹರಿದರೂ ಕಿರ್ದಿ ಇದ್ದರೆ ಮತ್ತೆ ಬರೆಯಬಹುದು. ಪೋಸ್ಟ್‌ಗ್ರೆಸ್ ಮಾಡುವುದೂ ಇದನ್ನೇ. ಏನೇ ಬದಲಾವಣೆ ಇರಲಿ, ಮೊದಲು ತನ್ನ ಕಿರ್ದಿಯಲ್ಲಿ ಬರೆದು ಆಮೇಲೆ ಟೇಬಲ್ಲಿಗೆ ಏರಿಸುತ್ತದೆ. ನಡುವೆ ಕರೆಂಟ್ ಹೋದರೆ, ಮತ್ತೆ ಎದ್ದಾಗ ಕಿರ್ದಿ ಓದಿ ಸರಿ ಮಾಡಿಕೊಳ್ಳುತ್ತದೆ. ಡಿಬಿಎಫ್‌ಗೆ ಕಿರ್ದಿ ಇಲ್ಲ. ಅದರ ತಲೆಭಾಗದಲ್ಲಿ ಒಟ್ಟು ಎಷ್ಟು ಸಾಲು ಅಂತ ಒಂದು ಎಣಿಕೆ ಇರುತ್ತದೆ. ಸಾಲು ಬರೆದು ಎಣಿಕೆ ತಿದ್ದುವ ಮುಂಚೆ ಕರೆಂಟ್ ಹೋದರೆ ಎರಡಕ್ಕೂ ತಾಳೆ ತಪ್ಪುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಇಂಡೆಕ್ಸ್, ಅಂದರೆ ಹೆಸರು ಬೇಗ ಹುಡುಕಲು ಇಟ್ಟ ಸೂಚಿ, ಮತ್ತೆ ಮತ್ತೆ ಕೆಡುವುದು, ರೀಇಂಡೆಕ್ಸ್ ಮಾಡುತ್ತಾ ಕೂರುವುದು ನಿಮಗೆಲ್ಲ ಗೊತ್ತಲ್ಲ? ಅದೂ ಇಂಥ ಅರ್ಧ ಬರೆದ ಕೆಲಸದಿಂದಲೇ.

ಪೋಸ್ಟ್‌ಗ್ರೆಸ್‌ನಲ್ಲಿ ಇನ್ನೊಂದು ಗುಣ ಇದೆ. ಒಬ್ಬರ ಖಾತೆಗೆ ಖರ್ಚು, ಇನ್ನೊಬ್ಬರ ಖಾತೆಗೆ ಜಮಾ, ಎರಡನ್ನೂ ಒಂದು ಕಟ್ಟಾಗಿ ಕೊಡಬಹುದು. ಆಗುವುದಾದರೆ ಎರಡೂ ಆಗುತ್ತವೆ. ಇಲ್ಲದಿದ್ದರೆ ಎರಡೂ ಇಲ್ಲ. ಒಂದು ಕಷ್ಟವನ್ನೂ ಹೇಳಬೇಕು. ಅದರ ಒಂದೊಂದು ದೊಡ್ಡ ಆವೃತ್ತಿಗೆ ಬೆಂಬಲ ಐದು ವರ್ಷ. ಹಾಗಾಗಿ ಹಾಕಿಸಿ ಮರೆತುಬಿಡುವಂತಿಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ಯಾರಾದರೂ ಬಂದು ಹೊಸದಕ್ಕೆ ಏರಿಸಬೇಕು. ಆ ಖರ್ಚನ್ನು ಈಗಲೇ ಲೆಕ್ಕದಲ್ಲಿ ಹಿಡಿಯಿರಿ.

ನಿಮ್ಮ ಪ್ರೋಗ್ರಾಂ ಬರೆಯುವವರಿಗೆ ಮೈಕ್ರೋಸಾಫ್ಟ್ ದಾರಿಯೇ ಗೊತ್ತಿದ್ದರೆ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಎಂಬ ಅವರ ಡೇಟಾಬೇಸ್ ಇದೆ. ದುಡ್ಡಿಲ್ಲ. 2022ರ ಆವೃತ್ತಿಯಲ್ಲಿ ಒಂದು ಡೇಟಾಬೇಸ್‌ಗೆ 10 ಜಿಬಿ ಮಿತಿ ಇದೆ. ನಿಮಗೆ ಅದು ಧಾರಾಳ. ಎಕ್ಸೆಲ್‌ನಲ್ಲೇ ಎಲ್ಲ ಇಡುತ್ತೇವೆ ಅನ್ನುವವರಿಗೆ ಮಾತ್ರ ಬೇಡ ಅನ್ನುತ್ತೇನೆ. ಒಂದು ತಪ್ಪು ಸಾರ್ಟ್ ಸಾಕು, ಒಬ್ಬರ ಬಾಕಿ ಇನ್ನೊಬ್ಬರ ಹೆಸರಿನ ಮುಂದೆ ಹೋಗಿ ಕೂರುತ್ತದೆ.

ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಇದೆಯಲ್ಲ ಅನ್ನುತ್ತೀರಿ. ಇದೆ, ನಮ್ಮ ಬೆಂಗಳೂರಿನದೇ. ಬಿಲ್ಲು, ಜಿಎಸ್‌ಟಿಗೆ ಬಹಳ ಮಿಲ್‌ಗಳು ಅದನ್ನೇ ಬಳಸುತ್ತವೆ, ಬಳಸಲಿ. ಆದರೆ ಕಾಟಾ ಚೀಟಿ, ರೈತರ ಅಡ್ವಾನ್ಸು, ಚೀಲದ ಲೆಕ್ಕ ಒಂದೊಂದು ಊರಲ್ಲಿ ಒಂದೊಂದು ಥರ. ಅದನ್ನು ಸಣ್ಣದಾಗಿ ಬೇರೆ ಇಟ್ಟು, ಸಂಜೆ ಒಟ್ಟು ಮೊತ್ತವನ್ನು ಮಾತ್ರ ಟ್ಯಾಲಿಗೆ ಕಳಿಸುವುದು ಅಗ್ಗದ ದಾರಿ.

ತಿಂಗಳ ಬಾಡಿಗೆಯ ಆನ್‌ಲೈನ್ ಸಾಫ್ಟ್‌ವೇರ್‌ಗಳೂ ಬಂದಿವೆ. ತಿಂಗಳಿಗೆ 1,500 ರೂಪಾಯಿ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 18,000, ಹತ್ತು ವರ್ಷಕ್ಕೆ 1,80,000. ಅದು ಜಾಸ್ತಿಯೋ ಕಡಿಮೆಯೋ ನಿಮ್ಮ ವ್ಯಾಪಾರ ನೋಡಿ ಹೇಳಬೇಕು. ಆದರೆ ಸಹಿ ಮಾಡುವ ಮುಂಚೆ ಅವರನ್ನು ಒಂದು ಮಾತು ಕೇಳಿ. ನಾನು ಬಿಟ್ಟು ಹೋಗುವ ದಿನ ನನ್ನ ಎಲ್ಲ ಎಂಟ್ರಿಗಳನ್ನು ಸಾದಾ ಫೈಲಿನಲ್ಲಿ ಕೊಡುತ್ತೀರಾ? ಈಗಲೇ ಒಂದು ಸಲ ಕೊಟ್ಟು ತೋರಿಸುತ್ತೀರಾ? ತೋರಿಸಿದರೆ ಒಳ್ಳೆಯವರು. ಪಿಡಿಎಫ್ ಕೊಡುತ್ತೇವೆ ಅಂದರೆ ಎದ್ದು ಬನ್ನಿ. ಪಿಡಿಎಫ್ ಅಂದರೆ ಭತ್ತದ ಫೋಟೋ.

ಈಗ ಜಾಸ್ತಿ ಖರ್ಚಿನ ಭಾಗ. ಲೈಸೆನ್ಸ್‌ಗೆ ದುಡ್ಡಿಲ್ಲ ಅಂದೆ. ಹಾಗಾದರೆ ದುಡ್ಡು ಎಲ್ಲಿ ಹೋಗುತ್ತದೆ? ಹಳೆಯ ಪ್ರೋಗ್ರಾಂನಲ್ಲಿ ಅಡಗಿ ಕೂತಿರುವ ನಿಮ್ಮ ಊರಿನ ರೂಢಿಗಳನ್ನು ಹುಡುಕಿ ಬರೆಯುವುದರಲ್ಲಿ. ನಮ್ಮ ಕಡೆ ಭತ್ತದ ರೇಟು ಹೇಳುವುದು 75 ಕೆಜಿ ಚೀಲಕ್ಕೆ. ಹೊರಗಿನಿಂದ ತಂದ ಒಂದು ಪ್ಯಾಕೇಜು ಅದನ್ನು 100 ಕೆಜಿ ಕ್ವಿಂಟಲ್ ರೇಟು ಅಂತ ಹಿಡಿದು ರೈತರಿಗೆ ಕೊಡುವ ಲೆಕ್ಕದ ಪಟ್ಟಿ ಮಾಡಿತ್ತು. ಚೀಲಕ್ಕೆ 1,500 ರೂಪಾಯಿ ಅಂದರೆ ಕ್ವಿಂಟಲ್‌ಗೆ 2,000 ಆಗಬೇಕು. ಪಟ್ಟಿಯಲ್ಲಿ 1,500 ಅಂತಲೇ ಬಂತು. ರೈತರಿಗೆ ಪ್ರತಿ ಕ್ವಿಂಟಲ್‌ಗೆ 500 ರೂಪಾಯಿ ಖೋತಾ! ಆ ಪಟ್ಟಿ ಕೈಯಲ್ಲಿ ಹಿಡಿದ ಅಜ್ಜ ಓದು ಬರಹ ಕಲಿತವರಲ್ಲ. ಬಾಯಿಲೆಕ್ಕದಲ್ಲೇ ತಪ್ಪು ಹಿಡಿದರು.

ಬಡ್ಡಿಯದೂ ಹಾಗೇ. 1,00,000 ರೂಪಾಯಿ ಅಡ್ವಾನ್ಸಿಗೆ ವರ್ಷಕ್ಕೆ ಶೇಕಡಾ 18ರಂತೆ ಮೂರು ತಿಂಗಳು. ತಿಂಗಳ ಲೆಕ್ಕದಲ್ಲಿ 4,500. ಹೊಸ ಪ್ರೋಗ್ರಾಂ 90 ದಿನವನ್ನು 365ರಿಂದ ಭಾಗಿಸಿ 4,438 ರೂಪಾಯಿ 36 ಪೈಸೆ ಅಂದಿತು. ಎರಡೂ ಲೆಕ್ಕ ಸರಿಯೇ. ಆದರೆ ನಿಮ್ಮ ಅಂಗಡಿಯಲ್ಲಿ ಮಾತಾಗಿರುವುದು ಯಾವುದು? ಅದನ್ನು ಪ್ರೋಗ್ರಾಂ ಬರೆಯುವ ಹುಡುಗನಿಗೆ ನೀವೇ ಹೇಳಬೇಕು, ಕಾಗದದ ಮೇಲೆ. ಇಂಥ ಎಲ್ಲವೂ ಹೊರಗೆ ಬರುವುದು ಒಂದು ಪೂರ್ತಿ ಸುಗ್ಗಿ ಎರಡೂ ಪ್ರೋಗ್ರಾಂಗಳನ್ನು ಪಕ್ಕ ಪಕ್ಕ ನಡೆಸಿದಾಗ ಮಾತ್ರ. ಎರಡು ಸಲ ಎಂಟ್ರಿ ಹೊಡೆಯುವುದು ಕಷ್ಟ. ಆ ಎರಡು ತಿಂಗಳಿಗೆ ಒಬ್ಬರನ್ನು ಜಾಸ್ತಿ ಇಟ್ಟುಕೊಳ್ಳಿ. ಇಡೀ ಕೆಲಸದಲ್ಲಿ ದುಡ್ಡು ಉಳಿಸಲೇಬಾರದ ಜಾಗ ಇದೊಂದೇ.

ಹೊಸ ಪ್ರೋಗ್ರಾಂ ಬರೆಸುವಾಗ ಕೋಡ್ ನಿಮ್ಮದು, ಪಾಸ್‌ವರ್ಡ್ ನಿಮ್ಮದು ಅಂತ ಬರಹದಲ್ಲಿ ಇರಲಿ. ರಾಯಚೂರಿನ ಒಂದು ಹತ್ತಿ ವ್ಯಾಪಾರದ ಅಂಗಡಿಗೆ ಪ್ರೋಗ್ರಾಂ ಬರೆದಿದ್ದವರು ಕೆಲಸ ಸಿಕ್ಕಿ ಬೇರೆ ದೇಶಕ್ಕೆ ಹೋದರು. ಪಾಸ್‌ವರ್ಡ್ ಅವರ ತಲೆಯಲ್ಲಿತ್ತು. ಅವರನ್ನು ಹುಡುಕಿ ಕೇಳುವಷ್ಟರಲ್ಲಿ ಮಾರ್ಚ್ ತಿಂಗಳು ಮುಗಿದಿತ್ತು.

ಕಾನೂನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಜಿಎಸ್‌ಟಿಯ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಕೊಡಬೇಕಾದ ದಿನದಿಂದ 72 ತಿಂಗಳು ಇಟ್ಟಿರಬೇಕು. ಹಾಗಾಗಿ ಹಳೆಯ ಫೈಲುಗಳನ್ನು ಅಳಿಸಬೇಡಿ. ಕಂಪನಿ ಅಂತ ನೋಂದಣಿ ಆದ ಮಿಲ್‌ಗಳಾದರೆ, 2023ರ ಏಪ್ರಿಲ್ 1ರಿಂದ ಯಾರು ಯಾವಾಗ ಏನು ತಿದ್ದಿದರು ಅಂತ ತೋರಿಸುವ ಸಾಫ್ಟ್‌ವೇರ್‌ನಲ್ಲೇ ಲೆಕ್ಕ ಇಡಬೇಕು. ಡಿಬಿಎಫ್ ಫೈಲನ್ನು ಯಾರು ಬೇಕಾದರೂ ತೆರೆದು ಒಂದು ಅಂಕಿ ತಿದ್ದಿ ಮುಚ್ಚಬಹುದು. ಗುರುತೇ ಉಳಿಯುವುದಿಲ್ಲ.

ಬ್ಯಾಕಪ್ ಬಗ್ಗೆ ಒಂದೇ ಮಾತು. ಮಿಲ್ಲಿನೊಳಗೆ ಇಟ್ಟ ಬ್ಯಾಕಪ್ ಬ್ಯಾಕಪ್ ಅಲ್ಲ. ತೌಡಿನ ಧೂಳು, ಬೇಸಿಗೆಯ ಬಿಸಿಲು, ಶಾರ್ಟ್ ಸರ್ಕ್ಯೂಟ್ ಎಲ್ಲವೂ ಎರಡನ್ನೂ ಒಟ್ಟಿಗೇ ಹೊಡೆಯುತ್ತವೆ. ಒಂದು ಪೆನ್‌ಡ್ರೈವ್ ದಿನಾ ಮನೆಗೆ ಹೋಗಲಿ. ತಿಂಗಳಿಗೊಮ್ಮೆ ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ.

ಹಿಂದಿನ ಸಾಲಿನಲ್ಲಿರುವ ಹಿರಿಯರು ಒಂದು ಪ್ರಶ್ನೆ ಕೇಳಿದರು. "ನನಗ ಮೌಸು ಬ್ಯಾಡ್ರಿ. ಎಂಟರ್ ಹೊಡದ್ರ ಮುಂದಿನ ಖಾನೆಗೆ ಹೋಗಬೇಕು. ಹಂಗ ಕೊಡ್ತೀರೇನು?" ಇಂದು ಬಂದ ಪ್ರಶ್ನೆಗಳಲ್ಲಿ ಇದಕ್ಕಿಂತ ಮುಖ್ಯವಾದದ್ದು ನನಗೆ ಕಾಣಲಿಲ್ಲ. ಇವರು ಮೂವತ್ತು ವರ್ಷದಿಂದ ಪರದೆ ನೋಡದೆ, ಚೀಟಿ ನೋಡುತ್ತಲೇ ಎಂಟ್ರಿ ಹೊಡೆಯುತ್ತಿದ್ದಾರೆ. ಬೆರಳುಗಳಿಗೇ ಲೆಕ್ಕ ಗೊತ್ತು. ಹೊಸ ಪರದೆ ಚಂದ ಇದ್ದು, ಪ್ರತಿ ಖಾನೆಗೂ ಮೌಸ್ ಹಿಡಿಯಿರಿ ಅಂದರೆ ದಿನಕ್ಕೆ 300 ಹೊಡೆಯುವ ಜಾಗದಲ್ಲಿ 100 ಆಗುತ್ತದೆ. ಸುಗ್ಗಿಯಲ್ಲಿ ಹೊರಗೆ ಟ್ರ್ಯಾಕ್ಟರ್ ನಿಲ್ಲುತ್ತವೆ. ಆಗುತ್ತದೆ ಹಿರಿಯರೇ, ಖಂಡಿತ ಆಗುತ್ತದೆ. ಎಂಟರ್ ಹೊಡೆದರೆ ಮುಂದಕ್ಕೆ ಹೋಗುವಂತೆ, ನಿಮ್ಮ ಹಳೆಯ ಖಾನೆಗಳ ಸಾಲಿನಲ್ಲೇ ಮಾಡಿಸಬಹುದು. ಸಾಹುಕಾರರು ಪ್ರೋಗ್ರಾಂ ನೋಡಲು ಹೋಗುವಾಗ ನಿಮ್ಮನ್ನು ಜೊತೆಗೆ ಕರೆದುಕೊಂಡು ಹೋಗಲಿ. ಅವರೆದುರು ಹತ್ತು ಚೀಟಿ ಹೊಡೆದು ತೋರಿಸಿ. ಆಮೇಲೆ ದುಡ್ಡಿನ ಮಾತು.

ಬರುವಾಗ ಫೋಲ್ಡರಿನ ನಕಲನ್ನು ಪೆನ್‌ಡ್ರೈವ್‌ನಲ್ಲಿ ತನ್ನಿ ಅಂತ ಹೇಳಿ ಕಳಿಸಿದ್ದೆ. ತಂದವರು ಮುಂದೆ ಬನ್ನಿ. ಮೂಲ ಫೈಲ್ ತಂದಿದ್ದರೆ ಅದನ್ನು ಹಾಕಬೇಡಿ, ಮೊದಲು ಇಲ್ಲೇ ನಕಲು ಮಾಡಿಕೊಳ್ಳೋಣ. ಹಿರಿಯರೇ, ನಿಮ್ಮದು ಯಾವುದು, ಆ ನೀಲಿಯದಾ? ಕೊಡಿ, ನಿಮ್ಮದರಿಂದಲೇ ಶುರು ಮಾಡೋಣ.